ಕ್ರೋಮೊಸೋಮಿನ ತುದಿಯನ್ನು ಜೀವಕೋಶ ಯಾಕೆ ಜೋಡಿಸಲು ಹೋಗಲ್ಲ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿನಿ, ಬಳ್ಳಾರಿ): ನಮಸ್ಕಾರ ಮೇಡಂ. ಡಿಎನ್‌ಎ ತುಂಡಾದರೆ ಜೀವಕೋಶ ಕೂಡಲೇ ಜೋಡಿಸುತ್ತದೆ ಎಂದು ಕ್ಲಾಸಿನಲ್ಲಿ ಹೇಳಿದರು. ಕ್ರೋಮೊಸೋಮಿನ ತುದಿಯೂ ತುಂಡಾದ ಹಾಗೇ ಇರುತ್ತದಲ್ವಾ? ಅದನ್ನು ಯಾಕೆ ಜೋಡಿಸಲ್ಲ? ನೋಟ್ಸಿನಲ್ಲಿ 'ಟೆಲೊಮಿಯರ್ ಇರುವುದರಿಂದ' ಅಂತ ಅಷ್ಟೇ ಇದೆ. ನಮ್ಮಮ್ಮ ಜೀನ್ಸ್ ಹೊಲಿಯುತ್ತಾರೆ. ಅವರಿಗೆ ಹೇಳಿದರೂ ತಿಳಿಯೋ ಹಾಗೆ ಹೇಳ್ತೀರಾ?

ಉತ್ತರ (ಜೀವಕೋಶ ಸಂಶೋಧಕಿ): ನೋಟ್ಸ್ ಅರ್ಧಕ್ಕೇ ನಿಂತಿದೆಯಮ್ಮ. ಟೆಲೊಮಿಯರ್ ಅಂದರೆ ಕ್ರೋಮೊಸೋಮಿನ ತುದಿಯಲ್ಲಿರುವ ಡಿಎನ್‌ಎ ಭಾಗ. ನಮ್ಮ ಟೆಲೊಮಿಯರಿನಲ್ಲಿ ಟಿಟಿಎಜಿಜಿಜಿ ಎಂಬ ಆರು ಡಿಎನ್‌ಎ ಅಕ್ಷರಗಳು ಸಾವಿರಾರು ಸಲ ಬರುತ್ತವೆ. ಆದರೆ ಸುಮ್ನೆ ಅಕ್ಷರಗಳಿದ್ದರೆ ತುದಿ ಉಳಿಯಲ್ಲ. ಅವನ್ನು ಗುರುತು ಹಿಡಿದು ಬಂದು ಕೂರುವ ಪ್ರೋಟೀನುಗಳು ಬೇಕು. ಮುಖ್ಯವಾದವು ಆರು: ಟಿಆರ್‌ಎಫ್1, ಟಿಆರ್‌ಎಫ್2, ರಾಪ್1, ಟಿನ್2, ಟಿಪಿಪಿ1, ಪಾಟ್1. ಈ ಗುಂಪಿಗೆ 2005ರಲ್ಲಿ ವಿಜ್ಞಾನಿ ಟಿಟಿಯಾ ಡಿ ಲಾಂಗೆ 'ಶೆಲ್ಟರಿನ್' ಎಂದು ಹೆಸರಿಟ್ಟರು.

ಅಮ್ಮ ಪ್ಯಾಂಟಿನ ಕಾಲಿನ ಅಂಚನ್ನು ಹೊಲಿಯುವಾಗ ಪಕ್ಕದಲ್ಲಿ ಕೂತು ನೋಡಿ. ಕತ್ತರಿಸಿದ ಅಂಚು, ಎಳೆ ಬಿಟ್ಟಿರುತ್ತದೆ. ಅದನ್ನು ಒಳಕ್ಕೆ ಮಡಚಿ ಹೊಲಿಗೆ ಹಾಕಿದರೆ ಹೊರಗೆ ಕಾಣೋದೇ ಇಲ್ಲ. ಟೆಲೊಮಿಯರಿನ ತುದಿಯಲ್ಲೂ ಒಂಟಿ ಎಳೆ ಸ್ವಲ್ಪ ಹೊರಚಾಚಿರುತ್ತದೆ. ಅದು ಹಿಂದಕ್ಕೆ ಬಾಗಿ ಜೋಡಿ ಎಳೆಯೊಳಗೆ ಸೇರಿಕೊಂಡು ಕುಣಿಕೆಯಾಗುತ್ತದೆ. ಈ ಟಿ-ಲೂಪ್ 1999ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಮಡಿಕೆ ಹಾಕುವುದರಲ್ಲಿ ಟಿಆರ್‌ಎಫ್2ರ ಪಾತ್ರವೇ ದೊಡ್ಡದು. ತುದಿ ಹೀಗೆ ಮರೆಯಾದರೆ ರಿಪೇರಿ ಮಾಡುವ ಪ್ರೋಟೀನುಗಳಿಗೆ ಹಿಡಿಯಲು ಏನೂ ಸಿಗಲ್ಲ.

ಲ್ಯಾಬಿನಲ್ಲಿ ಟಿಆರ್‌ಎಫ್2 ತೆಗೆದರೆ ಆಗುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಟೆಲೊಮಿಯರ್ ಇನ್ನೂ ಉದ್ದವಾಗೇ ಇರುತ್ತದೆ. ಆದರೂ ಎಟಿಎಂ ಎಂಬ ಕಿಣ್ವ 'ಡಿಎನ್‌ಎ ತುಂಡಾಗಿದೆ' ಎಂದು ಎಚ್ಚರಿಕೆ ಕೊಡುತ್ತದೆ. ಒಂದು ಕ್ರೋಮೊಸೋಮಿನ ತುದಿ ಇನ್ನೊಂದಕ್ಕೆ ಅಂಟಿ, ಉದ್ದ ಸರಪಳಿಯೇ ಆಗಿಬಿಡುತ್ತದೆ. ಪಾಟ್1ರ ಕೆಲಸ ಬೇರೆ. ಅದು ಒಂಟಿ ಎಳೆಯನ್ನೇ ಹಿಡಿದು, ಎಟಿಆರ್ ಎಂಬ ಇನ್ನೊಂದು ಎಚ್ಚರಿಕೆಯನ್ನು ತಡೆಯುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಹೊಸಪೇಟೆ ರಸ್ತೆ): ಮೇಡಂ, ಟೆಲೊಮಿಯರ್ ಉದ್ದ ಮಾಡಿ ವಯಸ್ಸು ಇಳಿಸುತ್ತದೆ ಅಂತ ಒಬ್ಬರು ಮಾತ್ರೆ ಮಾರ್ತಿದ್ದಾರೆ. ನಮ್ಮಪ್ಪನಿಗೆ ಕೊಡಿಸಲಾ?

ಉತ್ತರ: ಬೇಡ ಅಣ್ಣ, ದುಡ್ಡು ಉಳಿಸಿಕೊಳ್ಳಿ. ಟೆಲೊಮಿಯರ್ ಉದ್ದ ಜಾಸ್ತಿಯಾದಷ್ಟೂ ಒಳ್ಳೆಯದು ಅಂತೇನಿಲ್ಲ. ಹುಟ್ಟಿನಿಂದಲೇ ಪಾಟ್1 ಜೀನ್ ಕೆಟ್ಟಿರುವ ಕೆಲವು ಕುಟುಂಬಗಳಲ್ಲಿ ಟೆಲೊಮಿಯರ್ ಉದ್ದವೇ ಇರುತ್ತದೆ. ಅವರಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಅಪಾಯ ಜಾಸ್ತಿ. ಟಿನ್2 ಕೆಟ್ಟರೆ ಉಲ್ಟಾ: ಟೆಲೊಮಿಯರ್ ತೀರಾ ಗಿಡ್ಡವಾಗಿ, ಚಿಕ್ಕ ಮಕ್ಕಳಲ್ಲೇ ಅಸ್ಥಿಮಜ್ಜೆ ಸೋಲುತ್ತದೆ. ಎರಡೂ ಕಡೆ ಅಪಾಯ ಇದೆ. ಅಪ್ಪನಿಗೆ ಏನು ತೊಂದರೆ ಇದೆ ಬರೆಯಿರಿ, ಯಾವ ಡಾಕ್ಟರನ್ನು ನೋಡಬೇಕು ಅಂತ ಹೇಳ್ತೀನಿ.

ಮೊದಲು ಕೇಳಿದ ವಿದ್ಯಾರ್ಥಿನಿ: ಅಮ್ಮನಿಗೆ ಓದಿ ಹೇಳಿದೆ ಮೇಡಂ. 'ಮಡಿಕೆ ಬಿಚ್ಚದೆ ಜೀವಕೋಶ ಎರಡಾಗೋದು ಹೇಗೆ?' ಅಂತ ಕೇಳ್ತಿದ್ದಾರೆ.

ಉತ್ತರ: ಸರಿಯಾಗಿ ಹಿಡಿದಿದ್ದಾರೆ! ಡಿಎನ್‌ಎ ನಕಲಾಗುವ ಹೊತ್ತಿಗೆ ಮಡಿಕೆ ಬಿಚ್ಚಲೇಬೇಕು. ಆರ್‌ಟೆಲ್1 ಎಂಬ ಪ್ರೋಟೀನ್ ಬಂದು ಬಿಚ್ಚುತ್ತದೆ. ನಕಲು ಮುಗಿದ ಮೇಲೆ ಮತ್ತೆ ಮಡಚಿಕೊಳ್ಳುತ್ತದೆ.