ಕೋಳಿ ಆಹಾರದಲ್ಲಿ ಓಮದ ಸಾರ, ಬೆಳ್ಳುಳ್ಳಿ: ಬಳಸಿದವರು ಅನುಭವ ತಿಳಿಸಿ

ಪ್ರಶ್ನೆ, ಚಿಕ್ಕನಾಯಕನಹಳ್ಳಿ: ನನ್ನದು ಎರಡು ಸಾವಿರ ಬ್ರಾಯ್ಲರ್ ಕೋಳಿಗಳ ಶೆಡ್. ಸತತ ಎರಡು ಬ್ಯಾಚ್‌ಗಳಲ್ಲಿ ಮೂರನೆಯ ವಾರಕ್ಕೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕು ಬಂದಿತು. ಆ್ಯಂಟಿಬಯಾಟಿಕ್ ಬದಲು ಗಿಡಮೂಲಿಕೆಯ ಸಾರವನ್ನು ಫೀಡಿಗೆ ಬೆರೆಸಿ ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಹಿರಿಯೂರು: ನಾನು ಎಂಟು ನೂರು ಗಿರಿರಾಜ ಕೋಳಿಗಳಿಗೆ ದಿನಕ್ಕೆ 80 ಕಿಲೋ ಫೀಡಿನಲ್ಲಿ 800 ಗ್ರಾಂ ಬೆಳ್ಳುಳ್ಳಿ ಬೆರೆಸುತ್ತಿದ್ದೆ. ಕಿಲೋಗೆ 180 ರೂಪಾಯಿಯಂತೆ ದಿನಕ್ಕೆ 144, ಮೂವತ್ತೆಂಟು ದಿನಕ್ಕೆ 5,472 ರೂಪಾಯಿ ಆಯಿತು. ದಿನವೂ ಜಜ್ಜಲು ಆಳು ಸಿಗದೆ ಮೂರು ದಿನಕ್ಕೊಮ್ಮೆ ಜಜ್ಜಿ ಡಬ್ಬಿಯಲ್ಲಿಡುತ್ತಿದ್ದೆವು. ಒಂದು ಬೆಳಿಗ್ಗೆ ಹನ್ನೊಂದು ಕೋಳಿಗಳು ಸತ್ತು ಬಿದ್ದಿದ್ದವು, ಉಳಿದವು ಹಸಿರು ಮಿಶ್ರಿತ ಹಳದಿ ಹಿಕ್ಕೆ ಹಾಕುತ್ತಿದ್ದವು. ಕೊಯ್ದು ನೋಡಿದರೆ ಪಿತ್ತಜನಕಾಂಗ ಕಂಚಿನ ಬಣ್ಣಕ್ಕೆ ತಿರುಗಿತ್ತು. ಪ್ರಯೋಗಾಲಯದ ವರದಿಯಲ್ಲಿ ಸಾಲ್ಮೊನೆಲ್ಲಾ ಗ್ಯಾಲಿನೇರಮ್, ಅಂದರೆ ಕೋಳಿ ಟೈಫಾಯ್ಡ್ ಎಂದಿತ್ತು. ಒಟ್ಟು 312 ಕೋಳಿಗಳನ್ನು ಸುಣ್ಣ ಹಾಕಿ ಹೂಳಿದೆ. ಮೂಲಿಕೆಯನ್ನು ನಂಬಿ ಪಶುವೈದ್ಯರನ್ನು ಕರೆಯಲು ನಾಲ್ಕು ದಿನ ತಡಮಾಡಿದ್ದು ಇಂದಿಗೂ ನನ್ನನ್ನು ಕೊರೆಯುತ್ತದೆ.

ದಾವಣಗೆರೆ: ಹಿರಿಯೂರಿನವರ ನಷ್ಟಕ್ಕೆ ವಿಷಾದವಿದೆ, ಆದರೆ ತಪ್ಪನ್ನು ಬೆಳ್ಳುಳ್ಳಿಯ ತಲೆಗೆ ಕಟ್ಟುವುದು ಸರಿಯಲ್ಲ. ಜಜ್ಜಿದಾಗ ಹುಟ್ಟುವ, ರೋಗಾಣುಗಳನ್ನು ತಡೆಯುವ ಅಲಿಸಿನ್ ಎಂಬ ಅಂಶ ಬಹುಬೇಗ ಒಡೆದುಹೋಗುತ್ತದೆ, ನೀವು ಮೂರು ದಿನ ಡಬ್ಬಿಯಲ್ಲಿಟ್ಟಿರಿ. ಟೈಫಾಯ್ಡ್ ಅಂತೂ ತಾಯಿಕೋಳಿಯ ಮೊಟ್ಟೆಯ ಮೂಲಕವೇ ಮರಿಗೆ ಬರಬಲ್ಲದು. 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವುದನ್ನು ನಿಷೇಧಿಸಿದ ಮೇಲೆ ನಾನು ಓಮದಲ್ಲಿರುವ ಥೈಮಾಲ್‌ನ ಲೇಪಿತ ಪುಡಿಗೆ ಬದಲಾದೆ. ಅದು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹಾಳುಗೆಡವುತ್ತದೆ, ಲೇಪನವಿಲ್ಲದಿದ್ದರೆ ಕರುಳಿನ ಕೆಳಭಾಗ ತಲುಪುವ ಮೊದಲೇ ಬಹುಪಾಲು ಹೀರಿಹೋಗುತ್ತದೆ. ಟನ್ನಿಗೆ 200 ಗ್ರಾಂ, ಕಿಲೋಗೆ 1,400 ರೂಪಾಯಿ. ಮೂರು ಸಾವಿರ ಕೋಳಿಗಳ ಹತ್ತೂವರೆ ಟನ್ ಫೀಡಿಗೆ 2,940 ರೂಪಾಯಿ, ಕೋಳಿಗೆ ಒಂದು ರೂಪಾಯಿಯೂ ಇಲ್ಲ. ಸಾವು 214ರಿಂದ 121ಕ್ಕೆ ಇಳಿಯಿತು. ಅದೇ ಬ್ಯಾಚಿನಲ್ಲಿ ಕೋಳಿಗಳು ನೀರು ಕುಡಿಯುವ ನಿಪ್ಪಲ್ ಪೈಪುಗಳನ್ನು ತೊಳೆಸಿ ನೀರಿಗೆ ಕ್ಲೋರಿನ್ ಹಾಕಲು ಆರಂಭಿಸಿದ್ದೆ.

ಹಿರಿಯೂರು: ಕೊನೆಯ ವಾಕ್ಯದಲ್ಲಿ ಹೇಳಿದಿರಲ್ಲ, ಅದೇ ಮುಖ್ಯ. ಇ. ಕೋಲಿ ಕೊಳಕು ನೀರಿನಿಂದಲೂ ಶೆಡ್ಡಿನ ನೆಲಕ್ಕೆ ಹಾಸಿದ ಒದ್ದೆ ಹೊಟ್ಟಿನ ಅಮೋನಿಯಾದಿಂದಲೂ ಹೆಚ್ಚುತ್ತದೆ. ಕ್ಲೋರಿನ್ ಮಾಡಿದ ಕೆಲಸದ ಹೆಸರನ್ನು ಪುಡಿಗೆ ಕೊಟ್ಟು ಇತರರನ್ನು ದಾರಿ ತಪ್ಪಿಸಬೇಡಿ.

ಶಿರಾ: ನಿಮ್ಮಿಬ್ಬರಿಗೂ ಫೀಡು ನಿಮ್ಮ ಕೈಯಲ್ಲಿದೆ. ನಾನು ಒಪ್ಪಂದದ ಮೇಲೆ ಸಾಕುವವನು, ಕಂಪನಿಯ ಪೆಲೆಟ್ ಚೀಲ ಬಿಟ್ಟು ಬೇರೇನೂ ಹಾಕುವಂತಿಲ್ಲ. ದೊಡ್ಡಪತ್ರೆಯ ರಸವನ್ನು ನೀರಿನಲ್ಲಿ ಕೊಟ್ಟೆ. ಸೂಪರ್‌ವೈಸರ್ ಟ್ಯಾಂಕಿನಲ್ಲಿ ಎಲೆಯ ಚೂರುಗಳನ್ನು ಕಂಡು ಕಿಲೋಗೆ ಒಂದು ರೂಪಾಯಿ ಸಾಕಣೆ ಕೂಲಿ ಕಡಿತ ಮಾಡಿಸಿದರು. 4,100 ಕಿಲೋಗೆ 4,100 ರೂಪಾಯಿ ಹೋಯಿತು. ನಿಪ್ಪಲ್‌ಗಳು ಕಟ್ಟಿಕೊಂಡು ಕೋಳಿಗಳು ಅರ್ಧ ದಿನ ಬಾಯಾರಿದ್ದು ಬೇರೆ.

ದಾವಣಗೆರೆ: ಅದಕ್ಕೇ ಒಪ್ಪಂದ ಬಿಟ್ಟು ಸ್ವಂತವಾಗಿ ಸಾಕಿ ಎಂದು ನಾನು ಎಲ್ಲರಿಗೂ ಹೇಳುವುದು.

ಶಿರಾ: ಹೇಳುವುದು ಸುಲಭ, ಸ್ವಾಮಿ. ಮಾರುಕಟ್ಟೆ ಕುಸಿದ ವಾರ ಎರಡು ಸಾವಿರ ಕೋಳಿಗಳನ್ನು ಹಿಡಿದುಕೊಂಡು ಕೂರಬೇಕಾದವರ ಪಾಡು ಗೊತ್ತಿದ್ದರೆ ಈ ಮಾತು ಬರುತ್ತಿರಲಿಲ್ಲ. ಮರಿ ಮತ್ತು ಫೀಡಿನ ಸಾಲಕ್ಕೆ ನಮ್ಮಣ್ಣ ಅರ್ಧ ಎಕರೆ ತೋಟ ಮಾರಿದ್ದಾನೆ.

ದಾವಣಗೆರೆ: ನೋಯಿಸುವ ಉದ್ದೇಶವಿರಲಿಲ್ಲ, ಕ್ಷಮಿಸಿ. ಹಿರಿಯೂರಿನವರಿಗೆ ಉತ್ತರ: ಮುಂದಿನ ಬ್ಯಾಚಿನಲ್ಲಿ ಶೆಡ್ಡಿನ ನಡುವೆ ಜಾಲರಿ ಕಟ್ಟಿ, ಎರಡೂ ಕಡೆ ಕ್ಲೋರಿನ್ ನೀರು ಕೊಟ್ಟು, ಒಂದು ಕಡೆಗೆ ಮಾತ್ರ ಪುಡಿ ಹಾಕುತ್ತೇನೆ. ಸತ್ತ ಪ್ರತಿಯೊಂದು ಕೋಳಿಯ ಲೆಕ್ಕವನ್ನೂ ಇಲ್ಲಿಯೇ ಬರೆಯುತ್ತೇನೆ.

ಹಿರಿಯೂರು: ಎರಡೂ ಕಡೆಯ ಹೊಟ್ಟು ಒಂದೇ ಲೋಡಿನದಾಗಿರಲಿ.