ಹೋರಿಯ ವೀರ್ಯ ವರ್ಷಗಟ್ಟಲೆ ಉಳಿಯುತ್ತದೆ, ಕಿಡ್ನಿ ಯಾಕೆ ಉಳಿಯುವುದಿಲ್ಲ?

ಪೆರ್ಲದವ:
ನಿನ್ನೆ ನಮ್ಮ ಹಟ್ಟಿಯ ದನಕ್ಕೆ ಇಂಜೆಕ್ಷನ್ ಕೊಡಲು ಬಂದಿದ್ದರು. ಕ್ಯಾನಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಉಕ್ಕಿತು. ಇಕ್ಕುಳದಲ್ಲಿ ಹೋರಿಯ ವೀರ್ಯ ತುಂಬಿದ ಸಪೂರದ ಒಂದು ಸ್ಟ್ರಾ ಎತ್ತಿ, ಉಗುರು ಬೆಚ್ಚಗಿನ ನೀರಿಗೆ ಅರ್ಧ ನಿಮಿಷ ಹಾಕಿದರು. ಅಷ್ಟೇ, ರೆಡಿ! ನನ್ನ ಅತ್ತಿಗೆ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಿ ಬರುತ್ತಾರೆ. ಕಿಡ್ನಿಗೆ ಹೆಸರು ಕೊಟ್ಟು ಕಾಯುತ್ತಿದ್ದಾರೆ. ವೀರ್ಯ ಇಡಲು ಆಗುವುದಾದರೆ ಕಿಡ್ನಿಯನ್ನೂ ಹಾಗೇ ಇಡಬಹುದಲ್ವಾ?

ಕುಂಬಳೆ ಲ್ಯಾಬ್ ಅಕ್ಕ:
ಆ ಸ್ಟ್ರಾದಲ್ಲಿ ಇರುವುದು ಹೆಚ್ಚಾಗಿ ಕಾಲು ಎಂ.ಎಲ್. ಕ್ಯಾನಿನಲ್ಲಿರುವ ದ್ರವ ನೈಟ್ರೋಜನಿನ ಮೈನಸ್ 196 ಡಿಗ್ರಿಯ ಚಳಿ ಅದರ ನಡುವಿಗೂ ಬೇಗ ಮುಟ್ಟುತ್ತದೆ. ಜೊತೆಗೆ ಗ್ಲಿಸರಾಲ್ ಬೆರೆಸಿರುತ್ತಾರೆ, ಜೀವಕೋಶಕ್ಕೆ ಮಂಜಿನ ಹರಳಿನಿಂದ ಪೆಟ್ಟು ಕಡಿಮೆಯಾಗಲು. 1949ರಲ್ಲಿ ಇಂಗ್ಲೆಂಡಿನವರು ಹುಂಜದ ವೀರ್ಯದಲ್ಲಿ ಕಂಡುಕೊಂಡದ್ದು ಇದನ್ನೇ. ಇಷ್ಟು ಮಾಡಿದರೂ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಸಾಯುತ್ತವೆ. ಉಳಿದವು ಸಾಕು, ದನ ಗಬ್ಬವಾಗುತ್ತದೆ. ಕಿಡ್ನಿಯಲ್ಲಿ ಅರ್ಧ ಸತ್ತರೆ ಆಯಿತಾ ಮಾರಾಯ್ರೇ? ರಕ್ತನಾಳ, ಸೋಸುವ ಜಾಲ, ಎಲ್ಲ ಒಟ್ಟಿಗೆ ಬದುಕಬೇಕು.

ಹಾಗಾಗಿ ಆಸ್ಪತ್ರೆಯಲ್ಲಿ ಕಿಡ್ನಿಯನ್ನು ಹೆಪ್ಪುಗಟ್ಟಿಸುವುದೇ ಇಲ್ಲ. ದ್ರಾವಣದಲ್ಲಿ ಮುಳುಗಿಸಿ, ಸುತ್ತ ಐಸ್ ಹಾಕಿ, 4 ಡಿಗ್ರಿಯ ಆಸುಪಾಸಿನಲ್ಲಿ ತರುತ್ತಾರೆ. ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಹೃದಯಕ್ಕೆ 4ರಿಂದ 6 ಗಂಟೆ ಮಾತ್ರ.

ಕೂಡ್ಲು ತೆಂಗು:
ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ತೆಂಗಿನ ಹೂವಿನ ಪರಾಗವನ್ನು ಒಣಗಿಸಿ ದ್ರವ ನೈಟ್ರೋಜನಿನಲ್ಲಿ ಇಟ್ಟು ನೋಡಿದ್ದಾರೆ, ಉಳಿಯುತ್ತದೆ. ಇಡೀ ಕಾಯಿಯನ್ನು ಹಾಗೆ ಇಡಲಾಗುವುದಿಲ್ಲ. ದೊಡ್ಡದು, ನೀರೂ ಜಾಸ್ತಿ.

ಪೆರ್ಲದವ:
ಹಾಗಾದರೆ ಮುಂದೆಯೂ ಆಗಲಿಕ್ಕಿಲ್ವಾ?

ಕುಂಬಳೆ ಲ್ಯಾಬ್ ಅಕ್ಕ:
ಆಗಬಹುದು, ನನಗೆ ತುಂಬಾ ಆಸೆ ಇದೆ. 2023ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಇಲಿಯ ಕಿಡ್ನಿಯನ್ನು ಹರಳು ಕಟ್ಟದಂತೆ, ಗಾಜಿನ ಹಾಗೆ ಗಟ್ಟಿ ಮಾಡಿ 100 ದಿನದವರೆಗೆ ಇಟ್ಟರು. ನಿಜವಾದ ಕಷ್ಟ ಬಿಸಿ ಮಾಡುವಾಗ. ಹೊರಗೊಂದು ಬಿಸಿ, ಒಳಗೊಂದು ಬಿಸಿಯಾದರೆ ಬಿರುಕು ಬಿಡುತ್ತದೆ, ನಿಧಾನವಾದರೆ ಹರಳು ಕಟ್ಟುತ್ತದೆ. ಅವರು ರಕ್ತನಾಳಗಳಿಗೆ ಮೊದಲೇ ಕಬ್ಬಿಣದ ಅತಿಸಣ್ಣ ಕಣಗಳನ್ನು ತುಂಬಿಸಿ, ಕಾಂತಕ್ಷೇತ್ರದಲ್ಲಿ ಇಟ್ಟು ಎಲ್ಲ ಕಡೆ ಒಟ್ಟಿಗೆ ಬಿಸಿ ಮಾಡಿದರು. ಆ ಕಿಡ್ನಿ ಕಸಿ ಮಾಡಿಸಿಕೊಂಡ ಇಲಿಗಳು 30 ದಿನ ಅದರಲ್ಲೇ ಬದುಕಿದವು. ಮನುಷ್ಯರ ಕಿಡ್ನಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅತ್ತಿಗೆಗೆ ಅದನ್ನು ನಂಬಿ ಕೂರುವುದು ಬೇಡ.

ಅವರ ಹೆಸರು ಯಾವ ಪಟ್ಟಿಯಲ್ಲಿದೆ? ದಾನದ ಅಂಗ ಹಂಚುವ ಸರಕಾರಿ ಸಂಸ್ಥೆ ಕೇರಳದ್ದು ಕೆ-ಸೋಟೋ, ಕರ್ನಾಟಕದ್ದು ಜೀವಸಾರ್ಥಕತೆ. ನಮ್ಮ ಗಡಿಯವರು ಇದನ್ನು ಸರಿಯಾಗಿ ಕೇಳಿಕೊಳ್ಳಲೇಬೇಕು. ಮನೆಯವರಲ್ಲಿ ಯಾರಾದರೂ ಕೊಡಲು ಹೊಂದುತ್ತಾರಾ ಅಂತಲೂ ಡಾಕ್ಟರರ ಹತ್ತಿರ ಕೇಳಿ.

ಪೆರ್ಲದವ:
ಹೆಸರು ಮಂಗಳೂರಿನಲ್ಲೇ ಕೊಟ್ಟದ್ದು ಅಕ್ಕ. ಶುಕ್ರವಾರ ನಾನೂ ಜೊತೆಗೆ ಹೋಗಿ ಕೇಳುತ್ತೇನೆ. ಅಣ್ಣನ ರಕ್ತದ ಗುಂಪೂ ಅದೇ.