ಮಗ ಪೋಕರನ್ನೇ ವೃತ್ತಿಯಾಗಿ ಹಿಡಿಯಬೇಕೆನ್ನುತ್ತಾನೆ: ಬಲ್ಲವರು ತಿಳಿಸಬೇಕು

ಕುಂಜಿಬೆಟ್ಟಿನ ತಾಯಿ ಕೇಳಿದ ಪ್ರಶ್ನೆ

ನಮಸ್ಕಾರ. ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಿವೃತ್ತ ಶಿಕ್ಷಕಿ. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ ನನ್ನ ಮಗ ಕಳೆದ ತಿಂಗಳು ಊರಿಗೆ ಬಂದಾಗ, ಕೆಲಸ ಬಿಟ್ಟು ಗೋವಾದಲ್ಲಿ ಮನೆ ಮಾಡಿಕೊಂಡು ಪೋಕರ್ ಆಡುವುದನ್ನೇ ವೃತ್ತಿ ಮಾಡಿಕೊಳ್ಳುವುದಾಗಿ ಹೇಳಿದ. 2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬರುವವರೆಗೆ ರಾತ್ರಿ ಹೊತ್ತು ಆನ್‌ಲೈನ್‌ನಲ್ಲಿ ಆಡುತ್ತಿದ್ದನಂತೆ, 14 ತಿಂಗಳಲ್ಲಿ 9 ಲಕ್ಷ ರೂಪಾಯಿ ಗೆದ್ದಿದ್ದೇನೆ ಎನ್ನುತ್ತಾನೆ. ಅಮೆರಿಕದ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದದ್ದನ್ನೂ, ನಮ್ಮ ದೇಶದ ನಿಪುಣ್ ಜಾವಾ 2017ರಲ್ಲಿ ಅದೇ ಸರಣಿಯಲ್ಲಿ ಪಂದ್ಯ ಗೆದ್ದವರಿಗೆ ಕೊಡುವ ಕಂಕಣಗಳಲ್ಲಿ ಎರಡನ್ನು ಗೆದ್ದದ್ದನ್ನೂ ನನಗೆ ತೋರಿಸಿದ.

ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಮಾತೇ ಆಗಿಬರುವುದಿಲ್ಲ. ನನ್ನ ದೊಡ್ಡಪ್ಪ ಕೋಳಿ ಅಂಕದ ಗದ್ದೆಯ ಬದಿಯಲ್ಲಿ ಅಂದರ್ ಬಾಹರ್ ಆಡಿ ಅಡಕೆ ತೋಟದ ಅರ್ಧವನ್ನು ಕಳೆದವರು. ಆದರೆ ಅದೂ ಇದೂ ಒಂದೇ ಅಲ್ಲ ಎಂದು ಮಗ ಹೇಳುವಾಗ ಅವನ ಮಾತಿನಲ್ಲಿ ಸುಳ್ಳು ಕಾಣುವುದಿಲ್ಲ. ಬೈದು ಕಳುಹಿಸುವುದು ನನಗೆ ಇಷ್ಟವಿಲ್ಲ. ಈ ವೃತ್ತಿಯಲ್ಲಿ ದಿನ ಹೇಗೆ ಕಳೆಯುತ್ತದೆ, ಹಣ ಎಲ್ಲಿಂದ ಬರುತ್ತದೆ, ಒಬ್ಬನಿಗೆ ನಿಜವಾಗಿ ಕೈ ಹಿಡಿದಿದೆಯೇ ಎಂಬುದನ್ನು ತಿಳಿಯುವುದು ಹೇಗೆ ಎಂದು ಬಲ್ಲವರು ಬರೆಯಬೇಕಾಗಿ ವಿನಂತಿ.

ಬಿಜೈಯ ಹಳೆಯ ಆಟಗಾರ

ಅಮ್ಮ, ನಾನು ಪಣಜಿಯಲ್ಲಿ ನಾಲ್ಕು ವರ್ಷ ಇದೇ ವೃತ್ತಿಯಲ್ಲಿದ್ದು ಈಗ ಮಂಗಳೂರಿಗೆ ಮರಳಿ ತಂದೆಯವರ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಅಂದರ್ ಬಾಹರ್‌ನಲ್ಲಿ ಎಲೆ ಯಾವ ಕಡೆ ಬೀಳುತ್ತದೆ ಎಂಬುದರ ಮೇಲೆ ಆಡುವವನ ಬುದ್ಧಿಗೆ ಯಾವ ಹಿಡಿತವೂ ಇಲ್ಲ. ಪೋಕರಿನಲ್ಲಿ ಕೈಗೆ ಬರುವ ಎಲೆ ಅದೃಷ್ಟದ್ದೇ ಆದರೂ ಎಷ್ಟು ಹಣ ಹಾಕಬೇಕು, ಯಾವಾಗ ಎಲೆ ಕೆಳಗಿಡಬೇಕು ಎಂಬುದು ನಮ್ಮದು, ಮತ್ತು ನಾವು ಆಡುವುದು ಕ್ಯಾಸಿನೋದ ವಿರುದ್ಧವಲ್ಲ, ಇತರ ಆಟಗಾರರ ವಿರುದ್ಧ. ನಿಮ್ಮ ಮಗ ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಒಂದು ಕೈಯನ್ನು, ಎಂದರೆ ಒಂದು ಸುತ್ತಿನ ಆಟವನ್ನು, ಹತ್ತಿರದಿಂದ ತೋರಿಸುತ್ತೇನೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ನಾಲ್ಕು ಎಲೆ ಬಿದ್ದಿವೆ, ಒಂದು ಬಾಕಿ ಇದೆ. ನನ್ನ ಕೈಯ ಎರಡೂ ಸೇರಿ ನಾಲ್ಕು ಆಟಿನ್ ಆಗಿವೆ, ಐದನೆಯದು ಬಂದರೆ ಕೈ ನನ್ನದು. ಎದುರಾಳಿ 1,000 ರೂಪಾಯಿ ಹಾಕಿದ ಮೇಲೆ ನಡುವೆ ಒಟ್ಟು 5,000 ಇದೆ. ನಾನು ಕಾಣದ 46 ಎಲೆಗಳಲ್ಲಿ 9 ಆಟಿನ್, ಎಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಬಾರಿ ಮಾತ್ರ ನನಗೆ ಬೇಕಾದ ಎಲೆ ಬೀಳುತ್ತದೆ. ಆದರೂ 1,000 ಕೊಟ್ಟು ನೋಡುವುದೇ ಸರಿ, ಏಕೆಂದರೆ 9 ಬಾರಿ 5,000 ಬಂದು 37 ಬಾರಿ 1,000 ಹೋದರೆ ಪ್ರತಿ ಬಾರಿಗೆ ಸರಾಸರಿ 174 ರೂಪಾಯಿ ಉಳಿಯುತ್ತದೆ. ಐದರಲ್ಲಿ ನಾಲ್ಕು ಸಲ ಕಣ್ಣೆದುರು ಸೋಲುವ ನಿರ್ಧಾರವನ್ನು ಸರಿಯೆಂದು ನಂಬಿ, ಬೇಸರವಿಲ್ಲದೆ ಮುಂದಿನ ಕೈಗೆ ಹೋಗುವುದೇ ಈ ವೃತ್ತಿ. ಆ 174 ರೂಪಾಯಿಯೇ ಸಂಬಳ, ಅದು ಯಾವ ದಿನವೂ ಹಾಗೆಂದು ಕಣ್ಣಿಗೆ ಬೀಳುವುದಿಲ್ಲ.

ದಿನಚರಿ ಕೇಳಿದ್ದೀರಿ. ಸಂಜೆ ಏಳರ ಹೊತ್ತಿಗೆ ಮಾಂಡೋವಿ ದಂಡೆಯಿಂದ ದೋಣಿಯಲ್ಲಿ ಕ್ಯಾಸಿನೋ ಹಡಗಿಗೆ ಹೋಗಿ ಕುಳಿತರೆ ಬೆಳಗಿನ ನಾಲ್ಕು ಐದರವರೆಗೆ ಆಟ. ಆ ಒಂಬತ್ತು ಗಂಟೆಯಲ್ಲಿ ನಿಜಕ್ಕೂ ಆಡುವುದು ಐದರಲ್ಲಿ ಒಂದು ಕೈ, ಉಳಿದ ನಾಲ್ಕನ್ನು ಎಸೆದು, ಯಾರು ಯಾವ ಎಲೆಗೆ ಎಷ್ಟು ಹಾಕಿದರು ಎಂದು ನೆನಪಿನಲ್ಲಿಟ್ಟುಕೊಳ್ಳುತ್ತ ಕುಳಿತಿರಬೇಕು. ಕೋಣೆಗೆ ಮರಳುವ ಹೊತ್ತಿಗೆ ಪಾವ್ ಮಾರುವ ಪೋದೇರನ ಸೈಕಲ್ಲಿನ ಹಾರ್ನ್ ಕೇಳಿಸುತ್ತಿತ್ತು, ಊರು ಏಳುವ ಸದ್ದಿಗೆ ನಾನು ಕಿಟಕಿಯ ಪರದೆ ಎಳೆದು ಮಲಗುತ್ತಿದ್ದೆ. ಮಧ್ಯಾಹ್ನ ಎದ್ದು ಎರಡು ಗಂಟೆ ಹಿಂದಿನ ರಾತ್ರಿಯ ಕೈಗಳನ್ನು ಸಾಲ್ವರ್ ಎಂಬ ತಂತ್ರಾಂಶದಲ್ಲಿ ಹಾಕಿ ತಪ್ಪು ಹುಡುಕುವುದು. ನಾಲ್ಕು ವರ್ಷದಲ್ಲಿ ನನ್ನ ಅಕ್ಕನ ಮಗುವಿನ ನಾಮಕರಣಕ್ಕೂ, ಊರಿನ ಎರಡು ನೇಮಗಳಿಗೂ ನಾನು ಬರಲಿಲ್ಲ, ಏಕೆಂದರೆ ವಾರದ ಕೊನೆಯಲ್ಲೇ ಮೇಜಿಗೆ ಹಣವುಳ್ಳ ಹೊಸಬರು ಬರುವುದು.

ಮನಿಮೇಕರ್ ಅವರ ಕಥೆ ನಿಜ. 86 ಡಾಲರ್‌ನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಬಂದು 2003ರಲ್ಲಿ 839 ಮಂದಿಯ ನಡುವೆ ಗೆದ್ದರು, ಮರುವರ್ಷವೇ ಆ ಪಂದ್ಯಕ್ಕೆ 2,576 ಮಂದಿ ಬಂದರು. ಆ ಕಾಲದ ವೃತ್ತಿಪರರಿಗೆ ಅನ್ನ ಕೊಟ್ಟದ್ದು ಹೀಗೆ ಹೊಸದಾಗಿ ಹರಿದುಬಂದ, ಆಟ ತಿಳಿಯದವರ ಹಣ. ಪೋಕರಿನಲ್ಲಿ ಲಾಭ ಎದುರಾಳಿಯ ತಪ್ಪಿನಿಂದ ಬರುತ್ತದೆಯೇ ಹೊರತು ನಮ್ಮ ಜಾಣತನದಿಂದಷ್ಟೇ ಅಲ್ಲ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಟಸ್ ಎಂಬ ಪ್ರೋಗ್ರಾಂ 1,20,000 ಕೈಗಳಲ್ಲಿ ನಾಲ್ವರು ಪರಿಣತರನ್ನು ಸೋಲಿಸಿತು. ಇಂದು ಅದೇ ಬಗೆಯ ಗಣಿತವನ್ನು ಮನೆಯ ಕಂಪ್ಯೂಟರಿನಲ್ಲೇ ಕಲಿತ ಹುಡುಗರು ಪ್ರತಿ ಮೇಜಿನಲ್ಲೂ ಇಬ್ಬರು ಮೂವರು ಕುಳಿತಿರುತ್ತಾರೆ.

ಇನ್ನು ನನ್ನ ತಪ್ಪನ್ನೂ ಹೇಳಬೇಕು. ಮೂರನೆಯ ವರ್ಷ ನನಗೆ ಒಬ್ಬರು ಬಂಡವಾಳ ಹಾಕಿದ್ದರು. ಲಾಭ ಬಂದರೆ ಅರ್ಧ ಅರ್ಧ, ನಷ್ಟವಾದರೆ ಅದು ಮೇಕಪ್ ಎಂಬ ಹೆಸರಿನಲ್ಲಿ ನನ್ನ ಲೆಕ್ಕದಲ್ಲಿ ನಿಂತು, ಅದು ತೀರುವವರೆಗೆ ನನಗೆ ಬಿಡಿಗಾಸೂ ಇಲ್ಲ. ಒಂದು ರಾತ್ರಿ ನನ್ನ ಎರಡು ಎಕ್ಕ ಎದುರಿನವರ ಎರಡು ರಾಜರಿಗೆ ಸೋತವು. ಇದು ನೂರರಲ್ಲಿ ಸುಮಾರು 18 ಸಲ ಆಗಲೇಬೇಕಾದ ಸಂಗತಿ ಎಂದು ನನಗೆ ಬಾಯಿಪಾಠವಾಗಿ ಗೊತ್ತಿತ್ತು. ಆದರೂ ಎದ್ದು ಹೋಗದೆ, ಕಳೆದದ್ದನ್ನು ಅಂದೇ ತೆಗೆಯಬೇಕೆಂದು ದೊಡ್ಡ ಮೇಜಿಗೆ ಹೋಗಿ ಬೆಳಗಾಗುವುದರೊಳಗೆ 3 ಲಕ್ಷ ಕಳೆದೆ. ಟಿಲ್ಟ್ ಎನ್ನುವುದು ಇದನ್ನೇ. ಆ ಮೇಕಪ್ ತೀರಿಸಲು 11 ತಿಂಗಳು ಬೇಕಾಯಿತು, ಅಷ್ಟೂ ಕಾಲ ನಾನು ದುಡಿದದ್ದು ಒಂದೇ ರಾತ್ರಿಯ ಸಾಲಕ್ಕೆ.

ಮಣಿಪಾಲದ ಸಂಖ್ಯಾಶಾಸ್ತ್ರ ಅಧ್ಯಾಪಕ

ಕೈ ಹಿಡಿದಿದೆಯೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಹುಡುಗ ನಿಜವಾಗಿಯೂ ಒಳ್ಳೆಯ ಆಟಗಾರ ಎಂದೇ ಇಟ್ಟುಕೊಳ್ಳೋಣ: ಪ್ರತಿ 100 ಕೈಗೆ 5 ಬಿಗ್ ಬ್ಲೈಂಡ್ (ಪ್ರತಿ ಕೈಯ ಆರಂಭದಲ್ಲಿ ಒಬ್ಬ ಆಟಗಾರ ಕಡ್ಡಾಯವಾಗಿ ಹಾಕುವ ಹಣ) ಲಾಭ, ಬಿಗ್ ಬ್ಲೈಂಡ್ 500 ರೂಪಾಯಿ, 100 ಕೈಗಳ ಮಾನಕ ವಿಚಲನೆ, ಎಂದರೆ ಸರಾಸರಿಯಿಂದ ಆಗುವ ಏರಿಳಿತದ ಅಳತೆ, 90 ಬಿಗ್ ಬ್ಲೈಂಡ್. ಗಂಟೆಗೆ 30 ಕೈಯಂತೆ ವರ್ಷಕ್ಕೆ 1,500 ಗಂಟೆ ಆಡಿದರೆ 45,000 ಕೈಗಳಾಗುತ್ತವೆ. ನಿರೀಕ್ಷಿತ ಲಾಭ 11.25 ಲಕ್ಷ ರೂಪಾಯಿ, ಆದರೆ ಅದರ ಮಾನಕ ವಿಚಲನೆಯೇ ಸುಮಾರು 9.5 ಲಕ್ಷ. ಎಂದರೆ ಇಂತಹ ಸಮರ್ಥನೂ ಇಡೀ ವರ್ಷ ದುಡಿದು ಕೊನೆಗೆ ನಷ್ಟದಲ್ಲಿರುವ ಸಾಧ್ಯತೆ ಎಂಟರಲ್ಲಿ ಒಂದು. ಮೂರು ತಿಂಗಳ ಲೆಕ್ಕ ತೆಗೆದರೆ ಅದು ಶೇ 28ಕ್ಕೆ ಏರುತ್ತದೆ.

ಇದನ್ನು ತಿರುಗಿಸಿ ನೋಡುವುದು ಹೆಚ್ಚು ಮುಖ್ಯ. ಪ್ರತಿ 100 ಕೈಗೆ 2 ಬಿಗ್ ಬ್ಲೈಂಡ್ ಕಳೆದುಕೊಳ್ಳುವ ಆಟಗಾರನೊಬ್ಬ ಮೂರು ತಿಂಗಳ ನಂತರ ಲಾಭದಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಶೇ 41. ಅವನು ತನ್ನನ್ನು ಸಮರ್ಥನೆಂದೇ ನಂಬುತ್ತಾನೆ, ಆ ನಂಬಿಕೆಗೆ ಅವನ ಲೆಕ್ಕದ ಪುಸ್ತಕವೂ ಸಾಕ್ಷಿ ಹೇಳುತ್ತದೆ.

ಆನ್‌ಲೈನ್‌ನಲ್ಲಿ ನಾಲ್ಕು ಮೇಜುಗಳಲ್ಲಿ ಒಟ್ಟಿಗೆ ಆಡಿದರೆ ಗಂಟೆಗೆ ಸುಮಾರು 250 ಕೈ ಸಿಗುತ್ತಿದ್ದವು, ಒಂದು ಲಕ್ಷ ಕೈಗೆ 400 ಗಂಟೆ ಸಾಕಿತ್ತು. ಗೋವಾದ ಮೇಜಿನಲ್ಲಿ ಅಷ್ಟೇ ಕೈಗಳಿಗೆ 3,300 ಗಂಟೆಗೂ ಹೆಚ್ಚು, ಅಂದರೆ ಎರಡು ವರ್ಷಕ್ಕೂ ಮೀರಿ ಬೇಕು. ಹಾಗಾಗಿ ತನ್ನ ಯೋಗ್ಯತೆಯನ್ನು ತಾನೇ ತಿಳಿಯಲು ಈಗ ಹೊರಡುವ ಹುಡುಗರಿಗೆ ಮೊದಲಿನವರಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಹಿಡಿಯುತ್ತದೆ.

ಕೊಡಿಯಾಲ್‌ಬೈಲಿನ ಲೆಕ್ಕಪರಿಶೋಧಕಿ

ಕಾನೂನು ಮತ್ತು ತೆರಿಗೆಯ ಬಗ್ಗೆ ಸ್ವಲ್ಪ. ಪೋಕರ್ ಕೌಶಲದ ಆಟವೇ ಎಂಬ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಒಂದೇ ಮಾತನ್ನು ಹೇಳಿಲ್ಲ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೌಶಲದ ಆಟವಾಗಿ ಆಡುವುದಕ್ಕೆ ಅನುಕೂಲವಾಗಿ ಆದೇಶಿಸಿತ್ತು, ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನು ಜೂಜೆಂದೇ ಪರಿಗಣಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಟ್ಟಿಗೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ತೆಗೆದುಹಾಕಿತು. ಶಿಕ್ಷೆ ಇರುವುದು ಅಂತಹ ಆಟವನ್ನು ಒದಗಿಸುವವರಿಗೆ: ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವನನ್ನು ಕಾಯ್ದೆ ಅಪರಾಧಿ ಎನ್ನುವುದಿಲ್ಲವಾದರೂ, ವಿದೇಶಿ ಆ್ಯಪ್‌ಗಳಲ್ಲಿ ಕದ್ದು ಆಡುವ ಯೋಚನೆಯಿದ್ದರೆ ದಯವಿಟ್ಟು ಬಿಡಿಸಿ, ಅಲ್ಲಿ ಹಣ ಸಿಕ್ಕಿಬಿದ್ದರೆ ಕೇಳಲು ಬಾಗಿಲಿಲ್ಲ.

ತೆರಿಗೆ ಇನ್ನೂ ಕಠಿಣ. ಇಸ್ಪೀಟಿನ ಗೆಲುವಿಗೆ ಶೇ 30 ತೆರಿಗೆ, ಸೆಸ್ ಬೇರೆ. ಸಂಬಳದಾರರಿಗೆ ಸಿಗುವ ಮೂಲ ವಿನಾಯಿತಿ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ, ಗೋವಾದ ಬಾಡಿಗೆ, ಪ್ರಯಾಣ, ಊಟದ ಖರ್ಚನ್ನು ಕಳೆಯುವಂತಿಲ್ಲ, ಈ ವರ್ಷದ ನಷ್ಟವನ್ನು ಮುಂದಿನ ವರ್ಷದ ಗೆಲುವಿಗೆ ಹೊಂದಿಸುವಂತಿಲ್ಲ. ಅಧ್ಯಾಪಕರು ಹೇಳಿದ ಏರಿಳಿತವನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಒಂದು ವರ್ಷ ಎಂಟು ಲಕ್ಷ ಗೆದ್ದು ಮರುವರ್ಷ ಎಂಟು ಲಕ್ಷ ಸೋತವನು ಸಮನಾಗಿ ಉಳಿಯುವುದಿಲ್ಲ, ತೆರಿಗೆಯಷ್ಟು ಕೈಯಿಂದ ಕಳೆದುಕೊಂಡಿರುತ್ತಾನೆ. ವೃತ್ತಿಪರ ಎಂದು ತನ್ನನ್ನು ಕರೆದುಕೊಳ್ಳುವವನಿಗೆ ವೃತ್ತಿಯ ಖರ್ಚಿನ ರಿಯಾಯಿತಿಯೂ ಸಿಗದಿರುವುದು ನನ್ನ ಅಭಿಪ್ರಾಯದಲ್ಲಿ ಅನ್ಯಾಯವೇ, ಆದರೆ ಲೆಕ್ಕ ಬರೆಯಬೇಕಾದದ್ದು ಇರುವ ಕಾನೂನಿನ ಪ್ರಕಾರ.

ಕಾಪುವಿನ ನಿವೃತ್ತ ಬ್ಯಾಂಕ್ ನೌಕರ

ನನಗೆ ಈ ಆಟ ಬಾರದು. ನಮ್ಮ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಆರಂಭಿಸಿದ್ದು, ಇಂದು ಇದ್ದು ನಾಳೆ ಇಲ್ಲದ ಗಳಿಕೆಯವರಿಗಾಗಿ. ಬಲೆ ತುಂಬಿದ ದಿನವೇ ಬಲೆ ಬರಿದಾಗುವ ದಿನಕ್ಕೆ ತೆಗೆದಿಡಬೇಕೆಂದು ಮಲ್ಪೆಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಡುಗನ ಆಟದ ಬಂಡವಾಳ ಒಂದು ಖಾತೆಯಲ್ಲಿ, ಕನಿಷ್ಠ ಒಂದೂವರೆ ವರ್ಷದ ಮನೆಖರ್ಚು ಇನ್ನೊಂದು ಖಾತೆಯಲ್ಲಿ ಇರಲಿ, ಎರಡನೆಯ ಖಾತೆಯ ಎಟಿಎಂ ಕಾರ್ಡ್ ನಿಮ್ಮ ಬಳಿಯೇ ಇರಲಿ.

ಕುಂಜಿಬೆಟ್ಟಿನ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮಗನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಬರೆದಿಟ್ಟ ಲೆಕ್ಕವನ್ನು ತಂದು ತೋರಿಸಿದ. ಉದ್ದ ರಟ್ಟಿನ ಪುಸ್ತಕ, ದಿನಾಂಕ, ಹಾಕಿದ ಹಣ, ಬಂದ ಹಣ ಎಂದು ನೀಲಿ ಶಾಯಿಯಲ್ಲಿ ಮೂರು ಸಾಲು. ನಾನು ಮಕ್ಕಳ ಅಂಕಪಟ್ಟಿ ಕೂಡುವಂತೆ ತಿಂಗಳು ತಿಂಗಳಿಗೆ ಕೂಡುತ್ತ ಹೋದೆ. 9 ಲಕ್ಷದಲ್ಲಿ 7 ಲಕ್ಷದ 10 ಸಾವಿರ ಒಂದೇ ಭಾನುವಾರದ ಟೂರ್ನಮೆಂಟಿನದು. ಉಳಿದ 14 ತಿಂಗಳ ಆಟಕ್ಕೆ ಸೇರಿ 1 ಲಕ್ಷದ 90 ಸಾವಿರ. ಅವನಿಗೂ ಅದು ಗೊತ್ತಿತ್ತು, ಆದರೆ ಹಾಗೆ ಬಿಡಿಸಿ ಕೂಡಿರಲಿಲ್ಲ ಎಂದ. ಒಂದು ರಾತ್ರಿಯ ಗೆಲುವನ್ನು ಲೆಕ್ಕದಿಂದ ತೆಗೆದು ನೋಡುವುದು ನ್ಯಾಯವೇ ಎಂದು ಅವನು ಕೇಳುತ್ತಾನೆ, ನನಗೆ ಉತ್ತರ ತಿಳಿಯಲಿಲ್ಲ.

ಬಿಜೈಯ ಹಳೆಯ ಆಟಗಾರ

ಅವನ ಪ್ರಶ್ನೆ ಸರಿಯಾದದ್ದು. ಟೂರ್ನಮೆಂಟಿನಲ್ಲಿ ನೂರಕ್ಕೆ ಸುಮಾರು 85 ಮಂದಿ ಬರಿಗೈಯಲ್ಲಿ ಹೋಗುತ್ತಾರೆ, ಹಣವೆಲ್ಲ ಮೇಲಿನ ಕೆಲವರಿಗೇ ಸೇರುತ್ತದೆ. ಆದ್ದರಿಂದ ಒಳ್ಳೆಯ ಟೂರ್ನಮೆಂಟ್ ಆಟಗಾರನ ಪುಸ್ತಕದಲ್ಲೂ ಗಳಿಕೆ ಕೆಲವೇ ದಿನಗಳಲ್ಲಿ ಗುಡ್ಡೆ ಬಿದ್ದಿರುತ್ತದೆ. ಅದನ್ನು ತೆಗೆದುಹಾಕುವುದು ಅನ್ಯಾಯ, ಅದೊಂದರಿಂದಲೇ ತೀರ್ಮಾನಿಸುವುದೂ ತಪ್ಪು. ಅವನು ಟೂರ್ನಮೆಂಟಿನ ಲೆಕ್ಕವನ್ನು ಬೇರೆ, ಮೇಜಿನ ನಗದು ಆಟದ ಲೆಕ್ಕವನ್ನು ಬೇರೆ ಬರೆಯಲಿ. ಗೋವಾದಲ್ಲಿ ದಿನನಿತ್ಯ ಸಿಗುವುದು ನಗದು ಆಟ, ಹಾಗಾಗಿ ಅವನ ಜೀವನ ನಡೆಯಬೇಕಾದದ್ದು ಆ 1 ಲಕ್ಷದ 90 ಸಾವಿರದ ಸಾಲಿನಿಂದ.

ಲಾಸ್ ವೇಗಸ್‌ನ ಮುಖ್ಯ ಪಂದ್ಯವನ್ನು 1980, 1981 ಮತ್ತು 1997ರಲ್ಲಿ ಗೆದ್ದ ಸ್ಟು ಉಂಗರ್ ಅವರಿಗಿಂತ ಪ್ರತಿಭಾವಂತ ಇಸ್ಪೀಟು ಆಟಗಾರ ಹುಟ್ಟಿಲ್ಲ ಎನ್ನುವವರಿದ್ದಾರೆ. ಮೂರನೆಯ ಸಲ 10 ಲಕ್ಷ ಡಾಲರ್ ಗೆದ್ದ ಮರುವರ್ಷ, 45ನೇ ವಯಸ್ಸಿನಲ್ಲಿ, ಅಗ್ಗದ ಮೋಟೆಲೊಂದರಲ್ಲಿ ಒಂಟಿಯಾಗಿ ತೀರಿಕೊಂಡರು. ಮಾದಕ ವಸ್ತು ಮತ್ತು ಕುದುರೆ ಜೂಜಿಗೆ ಅವರ ಗಳಿಕೆ ಹೋಗಿತ್ತು. 1976 ಮತ್ತು 1977ರಲ್ಲಿ ಅದೇ ಪಂದ್ಯ ಗೆದ್ದ ಡಾಯ್ಲ್ ಬ್ರನ್ಸನ್ 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಈ ಲೋಕದಲ್ಲಿ ಗೌರವದಿಂದ ಬಾಳಿದರು. ಇವರಿಬ್ಬರ ಕಥೆಯನ್ನೂ ಮನಿಮೇಕರ್ ಕಥೆಯ ಜೊತೆಗೆ ಮಗ ಓದಲಿ.

ಪುಸ್ತಕದಲ್ಲಿ ಇನ್ನೂ ಎರಡು ಸಾಲು ಕಾಣಲಿಲ್ಲ ಎಂದು ನೀವು ಬರೆದುದರಿಂದ ತಿಳಿಯುತ್ತದೆ: ಎಷ್ಟು ಗಂಟೆ ಆಡಿದ, ಸೋಲುತ್ತಿದ್ದಾಗ ಎಷ್ಟು ಹೊತ್ತಿಗೆ ಎದ್ದ. ಎರಡನೆಯದೇ ನನಗೆ ನೋಡಬೇಕಾದದ್ದು. ರಾಜೀನಾಮೆ ಕೊಡುವ ಮೊದಲು ರಜೆಯ ಮೇಲೆ ಎರಡು ವಾರ ಗೋವಾಕ್ಕೆ ಹೋಗಿ, ಚಿಕ್ಕ ಮೇಜಿನಲ್ಲೇ ಆಡಿ, ಪ್ರತಿ ರಾತ್ರಿ ಆ ಎರಡು ಸಾಲನ್ನೂ ತುಂಬಿಸಿಕೊಂಡು ಬರಲಿ. ಮುಂದಿನ ತಿಂಗಳ ಎರಡನೆಯ ಭಾನುವಾರ ಅಂಗಡಿಗೆ ರಜೆ, ನಾನು ಉಡುಪಿಗೆ ಬರುತ್ತೇನೆ. ಪುಸ್ತಕವನ್ನು ಎದುರಿಗಿಟ್ಟುಕೊಂಡು ಅವನ ಜೊತೆ ಕುಳಿತು ನೋಡುತ್ತೇನೆ.